2 ಟಿಬಿ ಡಿಸ್ಕ್ ಕೇಳಿದ ಪುಟ್ಟಿಗೆ

ಚಿಕ್ಕಮಗಳೂರು

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ಪಿಎಚ್.ಡಿ. ನೋಂದಣಿ ಆಯಿತು ಅಂತ ನಿಮ್ಮಮ್ಮ ಫೋನಲ್ಲಿ ಹೇಳಿದಳು, ಬಹಳ ಖುಷಿಯಾಯಿತು. ‘2 ಟಿಬಿ ಹಾರ್ಡ್ ಡಿಸ್ಕ್ ಕೊಡಿಸು ದೊಡ್ಡಮ್ಮ, ಎಲ್ಲ ಅದರಲ್ಲೇ ಇಟ್ಕೊಳ್ತೀನಿ’ ಅಂತ ಬರೆದಿದ್ದೀಯಲ್ಲ, ಆ ಎರಡನೇ ಮಾತು ನನಗೆ ಹಿಡಿಸಲಿಲ್ಲ. ಕಾಲೇಜಿನ ಸರ್ವರ್ ರೂಮಿನಲ್ಲೇ ತಲೆ ನರೆಸಿಕೊಂಡವಳು ನಾನು, ಸ್ವಲ್ಪ ಉದ್ದ ಬರೆದರೆ ಬೇಜಾರು ಮಾಡ್ಕೋಬೇಡ.

ಮೊದಲು ಲೆಕ್ಕ ಹಾಕು. ಮೂಡಿಗೆರೆ, ಕೊಪ್ಪದ ಕಡೆ 60 ಜನ ಸಣ್ಣ ಕಾಫಿ ಬೆಳೆಗಾರರನ್ನ ಮಾತಾಡಿಸಿ ರೆಕಾರ್ಡ್ ಮಾಡ್ತೀಯ ಅಂದುಕೋ. ಸಿಡಿ ಗುಣಮಟ್ಟದ ವೇವ್ ಧ್ವನಿ ಫೈಲು ಸ್ಟೀರಿಯೋದಲ್ಲಿ ಗಂಟೆಗೆ 600 ಎಂಬಿ ಚಿಲ್ಲರೆ. ಮಾತಿಗೆ ಮೊನೊ ಸಾಕು, ಅದರರ್ಧ. ಒಬ್ಬೊಬ್ಬರದು ಒಂದು ಗಂಟೆ ಅಂದರೂ 20 ಜಿಬಿ ದಾಟಲ್ಲ. ಇಳುವರಿ ಪಟ್ಟಿ, ಮಳೆ ಲೆಕ್ಕ ಎಲ್ಲ ಸೇರಿ ಕೆಲವು ಎಂಬಿ. ಡ್ರೋನ್ ಚಿತ್ರ ತೆಗೆಸಿದರೆ ಬೇರೆ ಮಾತು. ಅಂತೂ ನಿನಗಿರೋದು ಜಾಗದ ಕೊರತೆ ಅಲ್ಲ. ಆ ಜಾಗ ಯಾರದು, ನೀನು ವಿಶ್ವವಿದ್ಯಾಲಯದಿಂದ ಹೊರಟ ಮೇಲೆ ಅದು ಯಾರ ಕೈಲಿರುತ್ತೆ ಅಂತ ನೋಡಬೇಕು.

ವಿಶ್ವವಿದ್ಯಾಲಯದ ಇಮೇಲ್ ಜೊತೆ ಒಂದು ಡ್ರೈವ್ ಕೊಟ್ಟಿರ್ತಾರಲ್ಲ, ಅದು ನಿನ್ನ ಹೆಸರಿಗೆ ಅಂಟಿಕೊಂಡದ್ದು. ಪದವಿ ಮುಗಿದು ಖಾತೆ ಅಳಿಸಿದರೆ ಫೈಲುಗಳೂ ಅದರ ಹಿಂದೆಯೇ ಹೋಗ್ತವೆ. ಅದೇ ಗೂಗಲ್‌ನಲ್ಲಿ ‘ಶೇರ್ಡ್ ಡ್ರೈವ್’ ಅಂತ ಬೇರೆಯದೇ ಇದೆ, ಅಲ್ಲಿ ಫೈಲಿನ ಒಡೆತನ ತಂಡದ್ದು. ಒಬ್ಬರು ಬಿಟ್ಟು ಹೋದರೂ ಫೈಲು ಉಳಿಯುತ್ತೆ. ಮೈಕ್ರೋಸಾಫ್ಟ್ ಬಳಸೋ ಕಡೆ ಒನ್‌ಡ್ರೈವ್‌ಗೂ ಶೇರ್‌ಪಾಯಿಂಟ್‌ಗೂ ಇರೋದು ಹೆಚ್ಚುಕಮ್ಮಿ ಇದೇ ವ್ಯತ್ಯಾಸ. ನಿನ್ನ ಮೂಲ ಪ್ರತಿ ಗೈಡ್ ಮೇಡಂ ಹೆಸರೂ ಇರುವ ಅಂಥ ಹಂಚಿಕೆಯ ಜಾಗದಲ್ಲಿರಲಿ. ಕೇಳೋಕೆ ಸಂಕೋಚ ಬೇಡ, ಅದು ಅವರಿಗೂ ಒಳ್ಳೆಯದೇ.

ಹಾಗಂತ ಅಲ್ಲೂ ಬೇಕಾದಷ್ಟು ತುಂಬಬಹುದು ಅಂದುಕೋಬೇಡ. ಮೊದಲು ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಮಿತಿಯೇ ಇಲ್ಲದ ಜಾಗ ಕೊಡ್ತಿತ್ತು. 2021ರಲ್ಲಿ ಅದು ನಿಯಮ ಬದಲಿಸಿ, ಇಡೀ ಸಂಸ್ಥೆಗೆ ಸೇರಿ 100 ಟಿಬಿ ಅಂತ ಮಿತಿ ಹಾಕಿತು. ಸಾವಿರಾರು ಜನ ಹಂಚಿಕೊಂಡರೆ ತಲೆಗೆಷ್ಟು ಬಂತು ನೀನೇ ಭಾಗಿಸಿ ನೋಡು. ಬಿಟ್ಟಿ ಸಿಕ್ಕಿದ್ದು ಯಾವಾಗ ಬೇಕಾದರೂ ಕಮ್ಮಿಯಾಗಬಹುದು.

ಇನ್ನೊಂದು, ಡ್ರೈವ್ ತಾನಾಗೇ ಲ್ಯಾಪ್‌ಟಾಪ್‌ಗೆ ಸಿಂಕ್ ಆಗ್ತಿದೆ ಅಂದಮಾತ್ರಕ್ಕೆ ಬ್ಯಾಕಪ್ ಆಯಿತು ಅಂದುಕೋಬೇಡ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತೆ, ಅಷ್ಟೇ. ರ‍್ಯಾನ್‌ಸಮ್‌ವೇರ್ ಅನ್ನೋ ಸುಲಿಗೆ ವೈರಸ್ ಹೊಕ್ಕು ಫೈಲುಗಳಿಗೆ ಬೀಗ ಹಾಕಿದರೆ ಆ ಬೀಗವೂ ಸಿಂಕ್ ಆಗಿಬಿಡುತ್ತೆ. ವಿಭಾಗದ ಸರ್ವರ್‌ನಲ್ಲಿ ‘ರೇಡ್ ಇದೆ, ಹೆದರಬೇಡಿ’ ಅಂತ ಯಾರಾದರೂ ಹೇಳಬಹುದು. ರೇಡ್ ಅಂದರೆ ಹಲವು ಡಿಸ್ಕ್ ಒಟ್ಟಿಗೆ ಜೋಡಿಸೋ ಏರ್ಪಾಡು, ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಂತೆ ಅದು ನೋಡಿಕೊಳ್ಳುತ್ತೆ, ನಿಜ. ನೀನೇ ತಪ್ಪಿ ಅಳಿಸಿದ್ದನ್ನ ಅದು ತಂದುಕೊಡಲ್ಲ.

ಮುಂದೆ ಉಪಗ್ರಹ ಚಿತ್ರಗಳ ಲೆಕ್ಕಾಚಾರಕ್ಕೆ ದೊಡ್ಡ ಕಂಪ್ಯೂಟರ್ ಕ್ಲಸ್ಟರ್ ಬಳಸೋ ಪ್ರಸಂಗ ಬಂದರೆ, ಅಲ್ಲಿ ‘ಸ್ಕ್ರ್ಯಾಚ್’ ಅಂತ ವೇಗದ ಜಾಗ ಕೊಡ್ತಾರೆ. ಅದು ಕಾಫಿ ಕಣ ಇದ್ದ ಹಾಗೆ: ಹರಡು, ಒಣಗಿಸು, ಸಂಜೆಯೊಳಗೆ ಬಾಚಿ ಒಳಗಿಡು. ಸಾಮಾನ್ಯವಾಗಿ ಇಂತಿಷ್ಟು ದಿನ ಮುಟ್ಟದ ಫೈಲನ್ನ ಅಲ್ಲಿ ತಾನಾಗೇ ಅಳಿಸ್ತಾರೆ, ಬ್ಯಾಕಪ್ಪೂ ಇರಲ್ಲ. ಬ್ಯಾಕಪ್ ಇದ್ದ ಕಡೆಯೇ ಏನಾಯಿತು ಗೊತ್ತಾ? 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ ಬ್ಯಾಕಪ್ ಮಾಡೋ ಪ್ರೋಗ್ರಾಮೇ ತಪ್ಪಾಗಿ ಓಡಿ ಸುಮಾರು 77 ಟಿಬಿ ಅಳಿಸಿಹಾಕಿತು. 14 ಸಂಶೋಧನಾ ತಂಡಗಳದ್ದು, 3 ಕೋಟಿಗೂ ಹೆಚ್ಚು ಫೈಲು. ನಾಲ್ಕು ತಂಡಗಳದ್ದು ಮರಳಿ ಸಿಗಲೇ ಇಲ್ಲ. ಅದಕ್ಕೇ ಹಳಬರು ಹೇಳೋದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ.

ಆ ಬೇರೆ ಊರು ನಮ್ಮನೆಯಾಗಲಿ. ನಿನಗೆ 2 ಟಿಬಿದು ಒಂದು ಬೇಡ, 1 ಟಿಬಿದು ಎರಡು ಕೊಡಿಸ್ತೀನಿ. ಒಂದು ನಿನ್ನ ಹತ್ತಿರ, ಇನ್ನೊಂದು ನಮ್ಮ ಬೀರುವಿನಲ್ಲಿ. ಬಂದಾಗಲೆಲ್ಲ ಹೊಸದು ಸೇರಿಸಿ ಹೋಗು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಬರಲ್ಲ, ಗುಡುಗು ಸಿಡಿಲು ಬೇರೆ. ಕಾಪಿ ಆಗುವಾಗ ಬಿಟ್ಟು ಯಾವಾಗಲೂ ಡಿಸ್ಕ್ ಬಿಚ್ಚಿಟ್ಟಿರು, ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕು. ತೋಟಗಳ ಒಳಗೆ ನೆಟ್‌ವರ್ಕ್ ಸಿಗಲ್ಲ, ಆದ್ದರಿಂದ ರೆಕಾರ್ಡ್ ಮಾಡಿದ್ದನ್ನ ಅವತ್ತೇ ರಾತ್ರಿ ಲ್ಯಾಪ್‌ಟಾಪ್‌ಗೂ ಡಿಸ್ಕ್‌ಗೂ ಇಳಿಸಿಕೊಂಡು ಆಮೇಲೆ ಮಲಗು.

ನನಗೆ ನಿಜವಾಗಿ ಚಿಂತೆ ಇರೋದು ಒತ್ತುವರಿ ವಿಷಯದ್ದು. ಎಷ್ಟು ಎಕರೆ ಪಹಣಿಯಲ್ಲಿದೆ, ಎಷ್ಟು ಒತ್ತುವರಿ, ಬ್ಯಾಂಕಿನ ಸಾಲ ಎಷ್ಟು ಅಂತ ಬೆಳೆಗಾರರು ನಿನ್ನ ಮುಖ ನೋಡಿ ಹೇಳ್ತಾರೆ, ನಮ್ಮೂರ ಹುಡುಗಿ ಅಂತ. ಆ ಮಾತು ತಪ್ಪಿ ಇನ್ನೊಬ್ಬರ ಕೈಗೆ ಸಿಕ್ಕರೆ ಅವರ ತೋಟಕ್ಕೇ ಕುತ್ತು. ಆದ್ದರಿಂದ ಅಂಥ ಧ್ವನಿ ಫೈಲು ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡ, ಸ್ವಂತ ಜಿಮೇಲ್‌ಗೂ ಹಾಕಬೇಡ. ಪಟ್ಟಿಯಲ್ಲಿ ಹೆಸರಿನ ಬದಲು ‘ಬೆ-01’, ‘ಬೆ-02’ ಅಂತ ಸಂಕೇತ ಕೊಡು. ಸಂಕೇತ ಯಾರದು ಅಂತ ಹೇಳೋ ಕಡತವನ್ನ ಬೇರೆಯೇ ಇಟ್ಟು ವೆರಾಕ್ರಿಪ್ಟ್‌ನಂಥ ಉಚಿತ ತಂತ್ರಾಂಶದಲ್ಲಿ ಬೀಗ ಹಾಕು. ಧ್ವನಿಯಿಂದಲೂ ಆಳು ಗೊತ್ತಾಗುತ್ತೆ, ಮಾತಿನ ನಡುವೆ ಊರು ತೋಟದ ಹೆಸರೂ ಬರುತ್ತೆ. ಹಾಗಾಗಿ ರೆಕಾರ್ಡಿಂಗಿಗೂ, ನಮ್ಮನೆಗೆ ಬರೋ ಡಿಸ್ಕ್‌ಗೂ ಅದೇ ಬೀಗ. ಪಾಸ್‌ವರ್ಡ್ ನನಗೂ ಹೇಳಬೇಡ. ಆದರೆ ನೀನು ಮರೆತರೆ ತೆಗೆಯೋರು ಯಾರೂ ಇಲ್ಲ, ಅದನ್ನ ಬರೆದು ಲಕೋಟೆಯಲ್ಲಿ ಮುಚ್ಚಿ ಮೇಡಂ ಹತ್ತಿರ ಕೊಟ್ಟಿರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರಲ್ಲಿ ಸಂಶೋಧನೆಗೆ ಒಂದಿಷ್ಟು ವಿನಾಯಿತಿ ಇದೆಯಂತ ಸಡಿಲ ಬಿಡಬೇಡ. ಕಾಯ್ದೆ ಇಲ್ಲದಿದ್ದರೂ ನಂಬಿಕೆ ಅನ್ನೋದು ಇದೆಯಲ್ಲ.

ಪ್ರಬಂಧ ಮುಗಿದ ಮೇಲೆ ಅದು ಶೋಧಗಂಗಾ ಅನ್ನೋ ಪಿಎಚ್.ಡಿ. ಪ್ರಬಂಧಗಳ ಜಾಲತಾಣಕ್ಕೆ ಹೋಗುತ್ತೆ, ಸರಿ. ಅದರ ಹಿಂದಿನ ಅಂಕಿಅಂಶ? ಕಾಫಿ ಒಂದು ವರ್ಷದ ಬೆಳೆಯಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ನಡೀತಿದೆ. ಇವತ್ತಿನ ನಿನ್ನ ಮಳೆ ಲೆಕ್ಕ, ಇಳುವರಿ ಲೆಕ್ಕ ಮೂವತ್ತು ವರ್ಷದ ನಂತರ ಇನ್ನೊಬ್ಬರಿಗೆ ಬೇಕಾಗಬಹುದು. ಹೆಸರು, ಸರ್ವೆ ನಂಬರು ತೆಗೆದ ಪಟ್ಟಿಯನ್ನ ಝೆನೋಡೋ ಅನ್ನೋ ಸಂಶೋಧನಾ ದತ್ತಾಂಶದ ಜಾಲತಾಣದಲ್ಲಿ ಹಾಕು. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸೋದು, ಉಚಿತ, ಒಂದು ದಾಖಲೆಗೆ 50 ಜಿಬಿವರೆಗೆ ಜಾಗ, ಉಲ್ಲೇಖಿಸೋಕೆ ಡಿಒಐ ಸಂಖ್ಯೆಯೂ ಸಿಗುತ್ತೆ. ಎಕ್ಸೆಲ್ ಜೊತೆ ಯಾವ ತಂತ್ರಾಂಶದಲ್ಲೂ ತೆರೆಯೋ ಸಿಎಸ್‌ವಿ ಪ್ರತಿಯನ್ನೂ ಇಡು, ಯಾವ ಕಾಲಂ ಏನು ಅಂತ ಒಂದು ಪುಟ ಬರೆದು ಸೇರಿಸು. ಧ್ವನಿ ಮಾತ್ರ ಅಲ್ಲಿ ಬೇಡ.

ಸೋಮವಾರ ಕಂಪ್ಯೂಟರ್ ಸೆಂಟರ್‌ಗೆ ಹೋಗಿ ಕೇಳಿ ಬಾ: ಪದವಿ ಆದ ಎಷ್ಟು ದಿನಕ್ಕೆ ಖಾತೆ ಮುಚ್ಚುತ್ತೆ, ಬ್ಯಾಕಪ್ ಎಷ್ಟು ದಿನ ಹಿಂದಿನದು ಸಿಗುತ್ತೆ, ಅದನ್ನ ಮರಳಿ ತೆಗೆದು ಕೊನೇ ಸಲ ಪರೀಕ್ಷಿಸಿದ್ದು ಯಾವಾಗ. ಮೂರನೇದಕ್ಕೆ ಅವರು ಮುಖ ಮುಖ ನೋಡಿಕೊಂಡರೆ ನನಗೊಂದು ಫೋನ್ ಮಾಡು.

ಇಂತಿ ನಿನ್ನ,
ದೊಡ್ಡಮ್ಮ