ಕಾಲೇಜಿನ ಅರ್ಜಿ ತುಂಬುವಾಗ ಪಕ್ಕದಲ್ಲಿ ಯಾರಿದ್ದಾರೆ?

ಮಾನ್ಯ ಸಂಪಾದಕರೇ,

ಫಲಿತಾಂಶ ಬಂದ ಮರುದಿನ ಪತ್ರಿಕೆಯಲ್ಲಿ ಜಾಸ್ತಿ ಅಂಕ ಪಡೆದ ಮಕ್ಕಳ ಫೋಟೊ ಬರುತ್ತದೆ. ನೋಡಿ ಖುಷಿಯಾಗುತ್ತದೆ. ಆದರೆ ಶಿಕ್ಷಕಿಯಾದ ನನಗೆ ಆ ದಿನ ಬೇರೆ ಮಕ್ಕಳ ಮುಖವೂ ನೆನಪಾಗುತ್ತದೆ. ಅವರೂ ಪಾಸಾಗಿರುತ್ತಾರೆ. ಕಾಲೇಜು ಸೇರುವ ಆಸೆಯೂ ಇರುತ್ತದೆ. ಅರ್ಜಿ ಎಲ್ಲಿ ಸಿಗುತ್ತದೆ, ಕೊನೇ ದಿನ ಯಾವುದು, ಜೊತೆಗೆ ಏನೇನು ಕಾಗದ ಇಡಬೇಕು ಎಂದು ಹೇಳುವವರು ಮಾತ್ರ ಮನೆಯಲ್ಲಿ ಯಾರೂ ಇರುವುದಿಲ್ಲ.

ನಾನೂ ಅಂಥ ಮನೆಯಿಂದಲೇ ಬಂದವಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ಸ್ಕಾಲರ್‌ಶಿಪ್‌ಗೆ ಅಪ್ಪನ ಆದಾಯದ ದಾಖಲೆ ಬೇಕು ಅಂತ ಗೊತ್ತಾಗುವಷ್ಟರಲ್ಲಿ ಕೊನೇ ದಿನ ಕಳೆದು ಎರಡು ದಿನ ಆಗಿತ್ತು. ಆ ವರ್ಷದ ಹಣ ಕೈತಪ್ಪಿತು. ಪಕ್ಕದ ಬೆಂಚಿನ ಗೆಳತಿಗೆ ಅದು ತಿಂಗಳ ಹಿಂದೆಯೇ ಗೊತ್ತಿತ್ತು. ಅವಳ ಅಕ್ಕ ಹೇಳಿಕೊಟ್ಟಿದ್ದಳು. ನನಗೆ ಅಂಥ ಅಕ್ಕ ಇರಲಿಲ್ಲ, ಅಷ್ಟೇ.

ಓದಲು ಸಾಮಗ್ರಿ ಸಿಗದ ಕಾಲ ಅದು. ಈಗ ಹಾಗಲ್ಲ. ತನ್ನ ಪಾಠಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುತ್ತೇನೆ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲೇ ಹೇಳಿತು. 2008ರಲ್ಲಿ ಖಾನ್ ಅಕಾಡೆಮಿ ಎಂಬ ಉಚಿತ ಆನ್‌ಲೈನ್ ಪಾಠಗಳ ತಾಣ ಬಂತು. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಗೆ 2015ರಿಂದ ಅಲ್ಲಿ ಉಚಿತ ತಯಾರಿಯೂ ಸಿಗುತ್ತಿದೆ. ಹಳೇ ಪ್ರಶ್ನೆಪತ್ರಿಕೆ, ವಿಡಿಯೊ ಪಾಠ, ಅಣಕು ಪರೀಕ್ಷೆ ಎಲ್ಲವೂ ಫೋನಿನಲ್ಲೇ ಇವೆ. ಆದರೂ ರಾತ್ರಿ ಹನ್ನೊಂದಕ್ಕೆ ಒಂದು ಲೆಕ್ಕ ಬಿಡಿಸಲಾಗದೆ ಒಬ್ಬಳೇ ಕೂತ ಹುಡುಗಿ, "ಇದು ನನ್ನ ಕೈಲಾಗುವ ವಿಷಯವಲ್ಲ" ಎಂದು ಪುಸ್ತಕ ಮುಚ್ಚಿಬಿಡುತ್ತಾಳೆ. ಆ ಲೆಕ್ಕ ಎಲ್ಲರಿಗೂ ಕಷ್ಟವೇ ಅಂತ ಅವಳಿಗೆ ಹೇಳುವವರು ಯಾರು?

ಓದುವಾಗ ಜೊತೆಗೆ ಯಾರಾದರೂ ಬೇಕು ಎಂಬ ಮಾತಿಗೆ ಯೂರಿ ಟ್ರೈಸ್ಮನ್ ಎಂಬ ಗಣಿತ ಮೇಷ್ಟರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1970ರ ದಶಕದಲ್ಲಿ ಅವರು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್ ಎಂಬ ಗಣಿತದ ವಿಷಯದಲ್ಲಿ ಹಿಂದೆ ಬೀಳುತ್ತಿದ್ದರು. ಏಕೆ ಎಂದು ಅಧ್ಯಾಪಕರನ್ನು ಕೇಳಿದರೆ, ಬಡತನ, ಓದಿನಲ್ಲಿ ಆಸಕ್ತಿ ಇಲ್ಲ, ಮನೆಯವರ ಬೆಂಬಲ ಇಲ್ಲ, ಹಿಂದಿನ ತಯಾರಿ ಸಾಲದು ಎಂಬ ಉತ್ತರಗಳೇ ಬಂದವು. ಟ್ರೈಸ್ಮನ್ ಊಹೆಗೆ ಬಿಡದೆ, ಮಕ್ಕಳು ಓದುವ ಜಾಗಕ್ಕೇ ಹೋಗಿ ನೋಡಿದರು. ಆ ಮಕ್ಕಳು ತುಂಬಾ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಅದೇ ತರಗತಿಯ ಚೀನೀ ಮೂಲದ ಮಕ್ಕಳು ಲೆಕ್ಕ ಮಾಡಿ ಮುಗಿಸಿ, ಸಂಜೆ ಒಟ್ಟಿಗೆ ಕೂತು ಉತ್ತರ ಹೋಲಿಸುತ್ತಿದ್ದರು. ತಪ್ಪಾದ ಕಡೆ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಆಮೇಲೆ ಟ್ರೈಸ್ಮನ್ ಸೇರಿ ಓದುವ ಗುಂಪುಗಳನ್ನು ಶುರು ಮಾಡಿದರು. ಅಲ್ಲಿ ಸುಲಭದ ಪಾಠ ಕೊಡಲಿಲ್ಲ, ಇನ್ನೂ ಕಷ್ಟದ ಲೆಕ್ಕಗಳನ್ನೇ ಕೊಟ್ಟರು. ಆ ಗುಂಪಿನ ಮಕ್ಕಳ ಫಲಿತಾಂಶ ಬಹಳ ಸುಧಾರಿಸಿತು. ಮಕ್ಕಳು ಸೋಮಾರಿಗಳು ಅಂತ ನಾವು ಎಷ್ಟು ಬೇಗ ತೀರ್ಮಾನ ಮಾಡಿಬಿಡುತ್ತೇವೆ, ಅಲ್ವಾ?

ಅರ್ಜಿಯ ವಿಷಯದಲ್ಲೂ ಇದೇ ಕಥೆ. ಸೀಟು ಸಿಕ್ಕು, ಸೇರುತ್ತೇನೆ ಎಂದು ಹೇಳಿದ್ದರೂ ರಜೆ ಮುಗಿಯುವಷ್ಟರಲ್ಲಿ ಎಷ್ಟೋ ಮಕ್ಕಳು ಹಿಂದೆ ಸರಿಯುತ್ತಾರೆ. ಅಮೆರಿಕದಲ್ಲಿ ಇದಕ್ಕೆ 'ಸಮ್ಮರ್ ಮೆಲ್ಟ್' ಎಂದು ಹೆಸರೇ ಇದೆ, ಬೇಸಿಗೆಯಲ್ಲಿ ಕರಗಿ ಹೋಗುವುದು ಎಂದರ್ಥ. ಒಂದು ನಮೂನೆ, ಒಂದು ಶುಲ್ಕದ ಗಡುವು, ಅರ್ಥವಾಗದ ಒಂದು ಪತ್ರ, ಇಂಥವೇ ಕಾರಣ. ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಎಂಬ ಸಂಶೋಧಕರು ಮಕ್ಕಳಿಗೆ ಕೆಲಸಗಳನ್ನು ನೆನಪಿಸುವ ಫೋನ್ ಸಂದೇಶ ಕಳಿಸಿ ನೋಡಿದರು. ಬೇಕಾದರೆ ಸಲಹೆಗಾರರ ಜೊತೆ ಮಾತಾಡುವ ಅವಕಾಶವೂ ಅದರಲ್ಲಿತ್ತು. ಕೆಲವು ಊರುಗಳಲ್ಲಿ ಕಾಲೇಜು ಸೇರಿದವರ ಸಂಖ್ಯೆ ಹೆಚ್ಚಿತು. ಮುಂದೆ ದೊಡ್ಡ ಸಂಸ್ಥೆಗಳ ಮೂಲಕ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಇಂಥ ಸಂದೇಶ ಹೋದಾಗ ಏನೂ ಪರಿಣಾಮ ಆಗಲಿಲ್ಲ. ಆ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಗುರುತಿಲ್ಲದ ಕಡೆಯಿಂದ ಬಂದ ಸಂದೇಶವನ್ನು ಮಕ್ಕಳು ಸುಮ್ನೆ ಅಳಿಸಿಬಿಡುತ್ತಾರೆ ಎನ್ನುವುದು ನನ್ನ ಅನಿಸಿಕೆ. ಪರಿಚಯದ ಸೀನಿಯರ್ "ಆ ಫಾರಂ ಕೊಟ್ಯಾ?" ಎಂದು ಕೇಳಿದರೆ ಹಾಗೆ ಮಾಡಲಾಗದು.

ಈ ಕೆಲಸಕ್ಕೆ ವಿದ್ಯಾರ್ಥಿ ಸಂಘಗಳೇ ಸರಿ. ಈಗ ಅನೇಕ ಸಂಘಗಳು ಚುನಾವಣೆ, ವಾರ್ಷಿಕೋತ್ಸವಗಳಲ್ಲೇ ವರ್ಷ ಕಳೆಯುತ್ತವೆ. ಅವೂ ಇರಲಿ. ಜೊತೆಗೆ ವಾರಕ್ಕೊಂದು ಸಂಜೆ ಸೀನಿಯರ್‌ಗಳು ಜೂನಿಯರ್‌ಗಳ ಪಕ್ಕ ಕೂರಲಿ. ಅರ್ಜಿ ತುಂಬುವುದನ್ನು ತೋರಿಸಲಿ, ಸಂದರ್ಶನದ ಅಭ್ಯಾಸ ಮಾಡಿಸಲಿ. ಹೋದ ವರ್ಷ ತಾವು ಎಲ್ಲಿ ಎಡವಿದೆವು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮುಂದಿನ ತಂಡಕ್ಕೆ ಕೊಡಲಿ. ಇನ್ನೊಬ್ಬರ ಪ್ರಬಂಧವನ್ನು ತಾವೇ ಬರೆದುಕೊಡುವುದು, ಪಾಸ್‌ವರ್ಡ್ ಇಟ್ಟುಕೊಳ್ಳುವುದು ಬೇಡ. ದಿನಾಂಕಗಳನ್ನು ಮಾತ್ರ ಕಾಲೇಜಿನ ಅಧಿಕೃತ ಪ್ರಕಟಣೆಯಲ್ಲೇ ನೋಡಿ ಹೇಳಬೇಕು.

ಇನ್ನೊಂದು ಮಾತು. ಅರ್ಜಿಯಲ್ಲಿ ತೋರಿಸಲಿಕ್ಕೆಂದೇ ಐದಾರು ಸಂಘ ಸೇರುವ ಮಕ್ಕಳನ್ನು ನೋಡಿ ನನಗೆ ಬೇಜಾರಾಗುತ್ತದೆ. ಅಮೆರಿಕದ ನೂರಾರು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ 10 ಚಟುವಟಿಕೆಗಳವರೆಗೆ ಬರೆಯಬಹುದು. ಹತ್ತೂ ತುಂಬಲೇಬೇಕು ಅಂತೇನೂ ಇಲ್ಲ. ಎರಡು ವರ್ಷ ಒಂದೇ ಸಂಘದಲ್ಲಿ ಕಿರಿಯರಿಗೆ ಗಣಿತ ಹೇಳಿಕೊಟ್ಟ ಹುಡುಗನಿಗೆ ಹೇಳಿಕೊಳ್ಳಲು ನಿಜವಾದ ಅನುಭವ ಇರುತ್ತದೆ.

ಶಾಲೆ ಕಾಲೇಜುಗಳು ಇದಕ್ಕೆ ಒಂದು ಕೋಣೆ, ವೇಳಾಪಟ್ಟಿಯಲ್ಲಿ ಒಂದು ಗಂಟೆ ಕೊಟ್ಟರೆ ಸಾಕು. ತಮ್ಮ ಪತ್ರಿಕೆಯಲ್ಲಿ ನನ್ನ ಬೇಡಿಕೆ ಇಷ್ಟೇ: ವಾರಕ್ಕೊಮ್ಮೆ, ಒಂದೇ ಪುಟದ ಒಂದೇ ಮೂಲೆಯಲ್ಲಿ, ಪ್ರವೇಶ ಮತ್ತು ಸ್ಕಾಲರ್‌ಶಿಪ್‌ಗಳ ಕೊನೇ ದಿನ ಮತ್ತು ಬೇಕಾದ ದಾಖಲೆಗಳನ್ನು ಪ್ರಕಟಿಸಿ. ಅದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸುವ ಕೆಲಸ ನಮ್ಮ ಶಾಲೆಯ ವಿದ್ಯಾರ್ಥಿ ಸಂಘದ್ದು. ಮಕ್ಕಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ