ದೀಪ ಬಂದಾಗ ಗೇಟು ತೆಗೆದಿರಲಿ

ಮಾನ್ಯ ಸಂಪಾದಕರೇ,

ವಿದೇಶಕ್ಕೆ ಹೋದವರು ಅಲ್ಲಿಯ ಹಬ್ಬ ಹಿಡಿದುಕೊಂಡು ನಮ್ಮದನ್ನು ಮರೆಯುತ್ತಾರೆ ಎಂದು ವಾಚಕರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಓದಿ ಬೇಜಾರಾಗಲಿಲ್ಲ. ಆದರೆ ನನಗೆ ಆಗಿದ್ದು ಉಲ್ಟಾ. ಅದನ್ನು ಹೇಳೋಣ ಅಂತ ಈ ಪತ್ರ.

ನಾನು ಸಾಗರ ತಾಲ್ಲೂಕಿನವಳು. 2017ರ ನವೆಂಬರಿನಲ್ಲಿ ಗಂಡನ ಕೆಲಸದಿಂದಾಗಿ ಜರ್ಮನಿಯ ರೇಗನ್ಸ್‌ಬರ್ಗ್‌ಗೆ ಬಂದೆವು. ಡ್ಯಾನ್ಯೂಬ್ ನದಿಯ ದಡದ ಊರು. ಬವೇರಿಯಾ ರಾಜ್ಯ, ಕ್ಯಾಥೊಲಿಕ್ಕರು ಜಾಸ್ತಿ. ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸುವ ಮೊದಲು ಬಾಗಿಲು ಒರೆಸಲು ಹೋದೆ. ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚಿತ್ತು. ಮೊದಲು 20, ಆಮೇಲೆ ಸಿ, ಎಂ, ಬಿ ಅನ್ನುವ ಮೂರು ಅಕ್ಷರ, ನಡುವೆ ಕೂಡಿಸುವ ಚಿಹ್ನೆ, ಕೊನೆಗೆ 17. ಬಡಗಿ ಬರೆದುಕೊಂಡ ಅಳತೆ ಇರಬೇಕು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿದೆ. ಎದುರು ಮನೆಯ ಅಜ್ಜಿ ಬಾಗಿಲು ತೆಗೆದು ನೋಡಿದರು, ಏನೂ ಅನ್ನಲಿಲ್ಲ. ಹೊಸ್ತಿಲ ಹೊರಗೆ ಪುಟ್ಟದೊಂದು ರಂಗೋಲಿ ಹಾಕಿದೆ. ಆ ವಾರ ಮೆಟ್ಟಿಲು ಒರೆಸುವ ಪಾಳಿ ಅಜ್ಜಿಯದೇ. ರಂಗೋಲಿಯಷ್ಟು ಜಾಗ ಬಿಟ್ಟು ಸುತ್ತ ಒರೆಸಿದ್ದರು.

ನಾನು ಉಜ್ಜಿದ್ದು ಏನು ಅಂತ ಗೊತ್ತಾಗಿದ್ದು ಜನವರಿಯಲ್ಲಿ. ಜನವರಿ 6 ಇಲ್ಲಿ ಮೂರು ರಾಜರ ಹಬ್ಬ. ನಕ್ಷತ್ರ ನೋಡಿಕೊಂಡು ಪೂರ್ವದಿಂದ ಬಂದು ಮಗು ಯೇಸುವಿಗೆ ಚಿನ್ನ, ಧೂಪ, ರಕ್ತಬೋಳ ಕೊಟ್ಟವರ ದಿನ. ಬವೇರಿಯಾದಲ್ಲಿ ಸರ್ಕಾರಿ ರಜೆ. ಅದು ಗೊತ್ತಿಲ್ಲದೆ ಹಾಲು ತರಲು ಹೋಗಿ, ಮುಚ್ಚಿದ ಅಂಗಡಿ ನೋಡಿ ವಾಪಸ್ ಬಂದಿದ್ದೆ. ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿತು. ತೆಗೆದರೆ ರಟ್ಟಿನ ಕಿರೀಟ ತೊಟ್ಟ ಮೂವರು ಮಕ್ಕಳು. ಕೋಲಿಗೆ ನಕ್ಷತ್ರ ಕಟ್ಟಿ ಹಿಡಿದ ಇನ್ನೊಬ್ಬ ಹುಡುಗ. ಹಿಂದೆ ಚರ್ಚಿನ ಕಡೆಯ ಒಬ್ಬ ಹೆಂಗಸು. ಒಬ್ಬಳ ಕೈಯಲ್ಲಿ ತೂಗುವ ಧೂಪದ ಪಾತ್ರೆ. ನಮ್ಮ ಸಾಂಬ್ರಾಣಿಯ ನಂಟಿನದೇ ವಾಸನೆ. ನನಗೋ ಹೊಗೆ ಅಲಾರಂ ಭಯ. ಹಿಂದಿನ ವಾರವಷ್ಟೇ ನನ್ನ ಒಗ್ಗರಣೆಗೆ ಅದು ಕಿರುಚಿ ಇಡೀ ಕಟ್ಟಡ ಎಬ್ಬಿಸಿತ್ತು.

ಮಕ್ಕಳು ಹಾಡಿದರು. ಆಮೇಲೆ ನಕ್ಷತ್ರದ ಹುಡುಗ ಚೀಟಿ ನೋಡಿ ಓದತೊಡಗಿದ. ನನಗೆ ಆಗ ಜರ್ಮನ್ ಬರುತ್ತಿರಲಿಲ್ಲ, ಆದರೆ ‘ಇಂಡಿಯೆನ್’ ಎಂಬ ಪದ ಕಿವಿಗೆ ಬಿತ್ತು. ಹುಡುಗ ತಲೆ ಎತ್ತಿ ನನ್ನ ಮುಖ ನೋಡಿದ, ಚೀಟಿ ನೋಡಿದ, ಮತ್ತೆ ಮುಖ ನೋಡಿದ. ಕಿವಿಯವರೆಗೂ ಕೆಂಪಾದ. ಹಿಂದಿದ್ದ ಹೆಂಗಸು ಇಂಗ್ಲಿಷಿನಲ್ಲಿ ವಿವರಿಸಿದರು. ಈ ಮಕ್ಕಳು ಮನೆಮನೆ ಸುತ್ತಿ ಬೇರೆ ದೇಶಗಳ ಮಕ್ಕಳಿಗಾಗಿ ದುಡ್ಡು ಕೂಡಿಸುತ್ತಾರೆ. ಪ್ರತಿ ವರ್ಷ ಒಂದು ದೇಶದ ವಿಷಯ ಮುಂದಿಡುತ್ತಾರೆ. ಆ 2018ರಲ್ಲಿ ಭಾರತ, ವಿಷಯ ಬಾಲಕಾರ್ಮಿಕರು.

ನನ್ನ ಗಂಡನಿಗೆ ಸಿಟ್ಟು ಬಂತು. ‘ನಮ್ಮ ದೇಶದ ಹೆಸರು ಇಂಥದ್ದಕ್ಕೇ ಬರೋದು’ ಅಂದರು. ನನಗೆ ನೆನಪಾಗಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗ. ನಾನು ಐದನೇ ಕ್ಲಾಸಿನಲ್ಲಿದ್ದೆ, ಅವನೂ ಅಷ್ಟೇ ಎತ್ತರ ಇದ್ದ. ಅಪ್ಪನ ಜೊತೆ ಎಷ್ಟೋ ಸಲ ಅಲ್ಲಿ ಮಸಾಲೆ ದೋಸೆ ತಿಂದಿದ್ದೇನೆ. ಇವನ್ಯಾಕೆ ಶಾಲೆಗೆ ಹೋಗಲ್ಲ ಅಂತ ಒಮ್ಮೆಯೂ ಕೇಳಲಿಲ್ಲ. ಡಬ್ಬಿಗೆ ಹತ್ತು ಯೂರೋ ಹಾಕಿದೆ. ಮಕ್ಕಳಿಗೆ ರವೆ ಉಂಡೆ ಕೊಟ್ಟೆ. ಕೆಂಪಾಗಿದ್ದ ಹುಡುಗ ಎರಡು ತಿಂದ.

ಹೋಗುವ ಮುಂಚೆ ಬಾಗಿಲ ಮೇಲೆ ಬರೆದರು, ಈ ಸಲ ಕೊನೆಯಲ್ಲಿ 18. ಅಕ್ಷರಗಳು ರಾಜರ ಹೆಸರು, ಕಾಸ್ಪರ್, ಮೆಲ್ಕಿಯೋರ್, ಬಾಲ್ತಸಾರ್ ಎಂದರು ಎದುರು ಮನೆ ಅಜ್ಜಿ. ಅಲ್ಲ, ‘ಕ್ರಿಸ್ತ ಈ ಮನೆಯನ್ನು ಹರಸಲಿ’ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಎಂದರು ಚರ್ಚಿನ ಹೆಂಗಸು. ಇಬ್ಬರೂ ಬಾಗಿಲಲ್ಲೇ ನಿಂತು ವಾದಕ್ಕಿಳಿದರು. ಮಕ್ಕಳು ಹೀಗೆ ಮನೆಮನೆ ಸುತ್ತುವುದು ಹಳೆಯ ಪದ್ಧತಿಯೇ, ಆದರೆ ದೇಶದ ತುಂಬ ಒಟ್ಟಾಗಿ ದುಡ್ಡು ಕೂಡಿಸಲು ಶುರು ಮಾಡಿದ್ದು 1959ರಲ್ಲಂತೆ. ಇಲ್ಲಿಯವರೆಗೆ ನೂರು ಕೋಟಿ ಯೂರೋಗಿಂತ ಜಾಸ್ತಿ ಆಗಿದೆ. ಅದೂ ಶಾಲೆ ಮಕ್ಕಳು ಚಳಿಯಲ್ಲಿ ತಿರುಗಿ ಕೂಡಿಸಿದ್ದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಿವಿಯಲ್ಲಿ ನಮ್ಮ ಅಂಟಿಗೆ-ಪಂಟಿಗೆ. ಮಲೆನಾಡಿನವರಲ್ಲದವರಿಗೆ ಹೇಳಬೇಕು: ದೀಪಾವಳಿಯ ರಾತ್ರಿಗಳಲ್ಲಿ ಊರ ಗಂಡಸರ ತಂಡ ದೇವರ ಮುಂದೆ ಹಚ್ಚಿದ ದೀಪವನ್ನು ಆರದಂತೆ ಹಿಡಿದು, ಹಾಡುತ್ತ ಮನೆಮನೆಗೆ ಬರುತ್ತದೆ. ಅಮ್ಮ ಎದ್ದು ಅವರ ದೀಪಕ್ಕೆ ಎಣ್ಣೆ ಎರೆದು, ಆ ದೀಪದಿಂದ ನಮ್ಮ ದೀಪ ಹಚ್ಚಿಕೊಂಡು, ಅಕ್ಕಿ, ಕಾಯಿ, ದುಡ್ಡು ಕೊಡುತ್ತಿದ್ದಳು. ನಾನು ಕಂಬಳಿಯೊಳಗಿಂದ ಏಳುತ್ತಲೇ ಇರಲಿಲ್ಲ. ಪರದೇಶದ ಮಕ್ಕಳಿಗೆ ಬಾಗಿಲು ತೆಗೆದ ಮೇಲೆ ನಮ್ಮವರಿಗೆ ಒಮ್ಮೆಯೂ ತೆಗೆದಿಲ್ಲ ಅನ್ನುವುದು ಹೊಳೆಯಿತು.

2024ರ ದೀಪಾವಳಿ ಇಲ್ಲಿನ ಶಾಲೆಯ ರಜೆಗೆ ಸರಿಯಾಗಿ ಬಂತು. ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಊರಿಗೆ ಬಂದೆ. ರಾತ್ರಿ ಹನ್ನೊಂದರ ಮೇಲೆ ಹಾಡು ಕೇಳಿಸಿತು. ನಾಲ್ಕೇ ಜನ, ಎಲ್ಲರೂ ಐವತ್ತು ದಾಟಿದವರು. ಮಗಳೇ ಎಣ್ಣೆ ಎರೆದಳು. ಎರೆದವಳು, ‘ನಾನೂ ಬರಬೇಕು, ಎಲ್ಲಿ ಹೆಸರು ಕೊಡಬೇಕು?’ ಅಂದಳು. ಜರ್ಮನಿಯಲ್ಲೂ ಈಗ ಹೀಗೆ ಸುತ್ತುವ ಮಕ್ಕಳು ಸಾಲದೆ, ನಾವಿರುವ ಕಡೆ ತಂಡ ಬರಬೇಕೆನ್ನುವ ಮನೆಯವರು ಮೊದಲೇ ಹೆಸರು ಬರೆಸುವ ಕ್ರಮ ಬಂದಿದೆ. ಅದು ಅವಳ ತಲೆಯಲ್ಲಿತ್ತು. ದೀಪ ಹಿಡಿದಿದ್ದ ಹಿರಿಯರು ನಕ್ಕರು. ‘ಹೆಸರೂ ಇಲ್ಲ ಗಿಸರೂ ಇಲ್ಲ, ಎಣ್ಣೆ ಗಿಂಡಿ ಹಿಡ್ಕಂಡು ಬಾ ಮಾರಾಯ್ತಿ’ ಅಂದರು. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಹೊರಟಿದ್ದನ್ನು ನಾನು ಕಂಡಿರಲಿಲ್ಲ. ಹಿಂದೆ ಟಾರ್ಚ್ ಹಿಡಿದು ನಾನೂ ಹೋದೆ. ಐದು ಮನೆಗಳಲ್ಲಿ ಮೂರು ಬಾಗಿಲು ತೆಗೆದವು. ಎರಡು ಕಡೆ ಗೇಟಿಗೆ ಬೀಗ, ಕಿಟಕಿಯಲ್ಲಿ ಟಿ.ವಿ. ಬೆಳಕು, ಅಂಗಳದಲ್ಲಿ ಬಿಟ್ಟ ನಾಯಿ. ಎರಡು ಹಾಡು ಹಾಡಿ ಕಾದರು, ಮುಂದೆ ನಡೆದರು.

ಎರಡು ತಿಂಗಳ ನಂತರ, 2025ರ ಜನವರಿಯಲ್ಲಿ, ಮಗಳು ಇಲ್ಲಿಯ ತಂಡದಲ್ಲಿ ನಕ್ಷತ್ರ ಹಿಡಿದಳು. ಕ್ರೈಸ್ತರಲ್ಲದಿದ್ದರೂ ಪರವಾಗಿಲ್ಲ ಅಂದರು. ನನ್ನ ಹಳೇ ರೇಷ್ಮೆ ಸೀರೆಯಲ್ಲಿ ನಿಲುವಂಗಿ ಹೊಲಿದುಕೊಟ್ಟೆ. ಜರಿ ಅಂಚು ನೋಡಿ ಉಳಿದ ಮೂವರು ರಾಜರಿಗೂ ಅಂಥದ್ದೇ ಬೇಕಂತೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಓದುಗರಲ್ಲಿ ಒಂದು ಕೇಳಿಕೆ. ಇನ್ನೇನು ದೀಪಾವಳಿ ಬಂತು. ಆ ರಾತ್ರಿಗಳಲ್ಲಿ ನಾಯಿ ಕಟ್ಟಿಹಾಕಿ, ಗೇಟಿನ ಬೀಗ ತೆಗೆದಿಡಿ, ಜಗಲಿ ಲೈಟು ಉರಿಯಲಿ. ಒಂದು ಲೋಟ ಎಣ್ಣೆ ಬಾಗಿಲ ಹತ್ತಿರ ಇರಲಿ. ಮನೆಯಲ್ಲಿ ಮಕ್ಕಳಿದ್ದರೆ ಎಬ್ಬಿಸಿ, ಬೈದರೂ ಪರವಾಗಿಲ್ಲ. ನಮಗೆ ಈ ಸಲ ಬರಲು ಆಗುತ್ತಿಲ್ಲ. ಈ 2025ರಲ್ಲಿ ಹಬ್ಬ ಅಕ್ಟೋಬರಿನಲ್ಲೇ ಬಂದಿದೆ, ಇಲ್ಲಿ ಶಾಲೆಗೆ ರಜೆ ನವೆಂಬರಿನಲ್ಲಿ.

– ಸಾಗರ ತಾಲ್ಲೂಕಿನ ಓದುಗಿ, ಸದ್ಯ ರೇಗನ್ಸ್‌ಬರ್ಗ್, ಜರ್ಮನಿ