ನೀನು ಬರೆದ ಪಾತ್ರವನ್ನು ಇನ್ನೊಬ್ಬಳು ಮಾಡಿದರೆ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಮೆಸೇಜು ರಾತ್ರಿ ಹನ್ನೊಂದೂವರೆಗೆ ಬಂತು. "ಚಾನೆಲ್‌ನವರಿಗೆ ನನ್ನ ಸೀರಿಯಲ್ ಕಥೆ ಇಷ್ಟ ಆಯ್ತಂತೆ ಅಣ್ಣ, ಆದರೆ ನಾಯಕಿ ನಾನಲ್ಲವಂತೆ. ಸ್ಕ್ರಿಪ್ಟ್ ವಾಪಸ್ ತಗೊಂಡುಬಿಡ್ಲಾ?" ಅಂತ ಕೇಳಿದ್ದೆ. ಫೋನಿನಲ್ಲಾದರೆ ನಾನು ಸಮಾಧಾನ ಹೇಳುತ್ತೇನೆ, ನೀನು ಹೂಂ ಅನ್ನುತ್ತೀಯ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ವಾಪಸ್ ತಗೋಬೇಡ. ಯಾಕೆ ಅಂತ ಹೇಳುವುದಕ್ಕೆ ನನಗೆ ಒಬ್ಬ ಅಮೆರಿಕನ್ ನಟನ ಕಥೆ ಬೇಕು. ಅವರ ಹೆಸರು ಕಾರ್ಲ್ ರೈನರ್.

ರೈನರ್ ಹುಟ್ಟಿದ್ದು 1922ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಅಪ್ಪ ಗಡಿಯಾರ ರಿಪೇರಿ ಮಾಡುವವರು. ಹುಡುಗನಾಗಿದ್ದಾಗ ಇವರು ಹೊಲಿಗೆ ಮೆಷಿನ್ ರಿಪೇರಿ ಮಾಡುವ ಕೆಲಸಕ್ಕೆ ಹೋಗುತ್ತಿದ್ದರು. ಇದನ್ನು ಓದಿದಾಗ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ನಿನ್ನ ಅಮ್ಮನ ನೆನಪಾಯಿತು. ಸರ್ಕಾರ ಬಿಟ್ಟಿಯಾಗಿ ನಾಟಕದ ಕ್ಲಾಸು ನಡೆಸುತ್ತಿದೆ ಅಂತ ರೈನರ್ ಅವರ ಅಣ್ಣ ಹೇಳಿದ. ಹೋದರು. ಅಲ್ಲಿಂದ ರಂಗಭೂಮಿ, ನಡುವೆ ಯುದ್ಧ, ಸೈನ್ಯದಲ್ಲೂ ಸೈನಿಕರಿಗಾಗಿ ನಾಟಕ, ಆಮೇಲೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳಿರುವ ಬ್ರಾಡ್‌ವೇ.

1950ರಲ್ಲಿ ಅವರು ಟಿವಿಗೆ ಬಂದರು. ಕಾರ್ಯಕ್ರಮದ ಹೆಸರು 'ಯುವರ್ ಶೋ ಆಫ್ ಶೋಸ್'. ಶನಿವಾರ ರಾತ್ರಿ ಒಂದೂವರೆ ಗಂಟೆ, ಪೂರ್ತಿ ಲೈವ್. ಮುಖ್ಯ ನಟ ಸಿಡ್ ಸೀಸರ್. ಸೀಸರ್ ಪಕ್ಕ ನಿಂತು ಪ್ರಶ್ನೆ ಕೇಳುವವರು ರೈನರ್. ನಗು ಸೀಸರ್‌ಗೆ ಬರುತ್ತಿತ್ತು, ಆ ನಗುವಿಗೆ ದಾರಿ ಮಾಡಿಕೊಡುವುದು ಇವರ ಕೆಲಸ. ಆದರೆ ಅವರು ತಾಲೀಮು ಮುಗಿಸಿ ಮನೆಗೆ ಹೋಗುವ ನಟ ಆಗಿರಲಿಲ್ಲ. ಬರಹಗಾರರ ಕೋಣೆಯಲ್ಲಿ ಕೂರುತ್ತಿದ್ದರು. ಮೆಲ್ ಬ್ರೂಕ್ಸ್, ಲೂಸಿಲ್ ಕ್ಯಾಲೆನ್, ನೀಲ್ ಸೈಮನ್ ಎಲ್ಲ ಕೂತು ಕಿರುಚಾಡುತ್ತಿದ್ದ ಕೋಣೆ ಅದು. ರೈನರ್ ಅಲ್ಲಿ ಜೋಕು ಕೊಟ್ಟರೂ ಬರಹಗಾರ ಅಂತ ಹೆಸರು ಬರುತ್ತಿರಲಿಲ್ಲ. ಆದರೂ ಕೂರುತ್ತಿದ್ದರು. ನೀನೂ ಶೂಟಿಂಗ್ ಗ್ಯಾಪಿನಲ್ಲಿ ಡೈಲಾಗ್ ಬರೆಯುವವರ ಹಿಂದೆ ಸ್ಟೂಲ್ ಹಾಕಿಕೊಂಡು ಕೂರುತ್ತೀಯಲ್ಲ, ಅದನ್ನು ಯಾವತ್ತೂ ಬಿಡಬೇಡ.

ಸೀಸರ್ ಜೊತೆಗಿನ ಕೆಲಸ ಮುಗಿದ ಮೇಲೆ ರೈನರ್ ಮುಂದೆ ಬೇರೆಯವರ ಕಾಮಿಡಿ ಸ್ಕ್ರಿಪ್ಟುಗಳು ಬಂದವು. ಒಂದೂ ಹಿಡಿಸಲಿಲ್ಲ. ಇದಕ್ಕಿಂತ ನೀವೇ ಚೆನ್ನಾಗಿ ಬರೆಯಬಲ್ಲಿರಿ ಅಂದವರು ಹೆಂಡತಿ ಎಸ್ಟೆಲ್. ಆಗ ಅವರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಂಡರು. ಬೇರೆ ಯಾರೂ ನಿಂತಿರದ, ನಾನೊಬ್ಬನೇ ನಿಂತಿರುವ ನೆಲ ಯಾವುದು? ಉತ್ತರ ಮನೆಯಲ್ಲೇ ಇತ್ತು. ಅವರಿದ್ದದ್ದು ನ್ಯೂಯಾರ್ಕಿನ ಪಕ್ಕದ ನ್ಯೂ ರೋಶೆಲ್ ಊರಿನಲ್ಲಿ. ಹೆಂಡತಿ, ಮಕ್ಕಳು. ಬೆಳಿಗ್ಗೆ ಎದ್ದು ಟಿವಿ ಕಾಮಿಡಿಯ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವ ಬದುಕು. ಅದನ್ನೇ ಬರೆದರು. 1958ರ ಬೇಸಿಗೆಯಲ್ಲಿ ಫೈರ್ ಐಲೆಂಡ್ ಅನ್ನುವ ದ್ವೀಪದಲ್ಲಿ ಕೂತು ಹದಿಮೂರು ಎಪಿಸೋಡ್ ಮುಗಿಸಿದರು. ಒಂದು ಶಾಟ್ ಕೂಡ ತೆಗೆಯುವ ಮುಂಚೆ! ನಾಯಕ ರಾಬ್ ಪೆಟ್ರಿ ಟಿವಿಗೆ ಕಾಮಿಡಿ ಬರೆಯುವವನು. ಆ ಪಾತ್ರ ರೈನರ್ ಅವರದೇ ಪಡಿಯಚ್ಚು. ಅದನ್ನು ತಾವೇ ಮಾಡಿದರು.

ಮಾದರಿಗೆ ತೆಗೆದ ಮೊದಲ ಎಪಿಸೋಡನ್ನು, ಅಂದರೆ ಪೈಲಟ್ ಅನ್ನು, ಯಾರೂ ಕೊಳ್ಳಲಿಲ್ಲ. 1960ರ ಜುಲೈನಲ್ಲಿ ಒಂದು ಸಲ ಪ್ರಸಾರವಾಗಿ ಅಲ್ಲಿಗೇ ನಿಂತಿತು.

ಈಗ ನಿನ್ನ ಜಾಗಕ್ಕೆ ಬಂದೆವು ನೋಡು. ಆ ಸ್ಕ್ರಿಪ್ಟುಗಳು ನಿರ್ಮಾಪಕ ಶೆಲ್ಡನ್ ಲೆನಾರ್ಡ್ ಕೈಗೆ ಹೋದವು. ಲೆನಾರ್ಡ್ ಕೂಡ ಸಿನಿಮಾದಲ್ಲಿ ರೌಡಿ ಪಾತ್ರಗಳನ್ನು ಮಾಡಿ ಆಮೇಲೆ ನಿರ್ಮಾಣಕ್ಕೆ ಬಂದವರು. ನಟರ ಕಷ್ಟ ಗೊತ್ತಿದ್ದವರು. ಅದೇ ಸರಕಿನಿಂದ ಎರಡನೇ ಸಲ ಸೋಲಲಾರೆ ಅಂತ ರೈನರ್ ಅಂದರು. ಸೋಲುವುದಿಲ್ಲ, ನಿಮ್ಮ ಪಾತ್ರಕ್ಕೆ ನಿಮಗಿಂತ ಒಳ್ಳೆಯ ನಟನನ್ನು ತರೋಣ ಅಂದರು ಲೆನಾರ್ಡ್. ಸ್ವಲ್ಪ ಯೋಚನೆ ಮಾಡು. ಹೆಂಡತಿ ತನ್ನವಳು, ಊರು ತನ್ನದು, ಕೆಲಸ ತನ್ನದು. ಆದರೂ ಆ ಪಾತ್ರಕ್ಕೆ ನೀನು ಸಾಲದು ಅಂತ ಎದುರಿಗೇ ಹೇಳಿಸಿಕೊಳ್ಳುವುದು. ರೈನರ್ ಒಪ್ಪಿದರು. ಬ್ರಾಡ್‌ವೇಯಲ್ಲಿ ಆಡುತ್ತಿದ್ದ ಡಿಕ್ ವ್ಯಾನ್ ಡೈಕ್ ಬಂದರು. ಹೆಂಡತಿ ಲಾರಾ ಪಾತ್ರಕ್ಕೆ ಮೇರಿ ಟೈಲರ್ ಮೂರ್.

1961ರ ಅಕ್ಟೋಬರ್ 3ರಂದು ಸಿಬಿಎಸ್ ಚಾನೆಲ್‌ನಲ್ಲಿ 'ದಿ ಡಿಕ್ ವ್ಯಾನ್ ಡೈಕ್ ಶೋ' ಶುರುವಾಯಿತು. ಹೆಸರಲ್ಲೂ ರೈನರ್ ಇಲ್ಲ. ಮೊದಲ ವರ್ಷ ನೋಡುವವರು ಕಡಿಮೆ, ಚಾನೆಲ್ ನಿಲ್ಲಿಸಲು ಹೊರಟಿತ್ತು. ಲೆನಾರ್ಡ್ ಸಿನ್ಸಿನಾಟಿಗೆ ಹೋಗಿ ಸ್ಪಾನ್ಸರ್ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರನ್ನು ಒಪ್ಪಿಸಿ ಉಳಿಸಿದರು. ಒಟ್ಟು ಐದು ವರ್ಷ ನಡೆಯಿತು, 158 ಎಪಿಸೋಡ್. 1966ರಲ್ಲಿ, ಜನ ಇನ್ನೂ ಇಷ್ಟಪಟ್ಟು ನೋಡುತ್ತಿದ್ದಾಗಲೇ, ತಾವಾಗಿಯೇ ಮುಗಿಸಿದರು.

ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ರೈನರ್ ತಮಗೂ ಒಂದು ಪಾತ್ರ ಇಟ್ಟುಕೊಂಡರು. ಅಲನ್ ಬ್ರೇಡಿ, ರಾಬ್‌ಗೆ ಕೆಲಸ ಕೊಟ್ಟಿರುವ ಅಹಂಕಾರದ ಸ್ಟಾರ್. ಮೊದಮೊದಲು ಮುಖ ತೋರಿಸಲೇ ಇಲ್ಲ. ಬರೀ ದನಿ, ಇಲ್ಲದಿದ್ದರೆ ಹಿಂದಲೆ. 1965ರ ಒಂದು ಎಪಿಸೋಡಿನಲ್ಲಿ ಅಲನ್ ಬ್ರೇಡಿಯದು ಬೋಳುತಲೆ ಅಂತ ಲಾರಾ ದೇಶವೆಲ್ಲ ನೋಡುವ ಟಿವಿಯಲ್ಲಿ ಬಾಯಿಬಿಟ್ಟುಬಿಡುತ್ತಾಳೆ. ಕ್ಷಮೆ ಕೇಳಲು ಅವನ ಆಫೀಸಿಗೆ ಹೋದರೆ, ಮೇಜಿನ ಮೇಲೆ ಅವನ ಟೋಪನ್‌ಗಳು ಸಾಲಾಗಿ ಕೂತಿವೆ. ಅವನು ಟೋಪನ್‌ಗಳ ಕಡೆ ತಿರುಗಿ, ನಿಮ್ಮ ಅನ್ನ ಕಿತ್ತುಕೊಂಡವಳು ಇವಳೇ ಅನ್ನುವ ಹಾಗೆ ಅವುಗಳಿಗೆ ಪರಿಚಯ ಮಾಡಿಸುತ್ತಾನೆ. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ರೈನರ್ ನಿಜಕ್ಕೂ ಬೋಳುತಲೆಯವರು, ಟೋಪನ್ ಹಾಕುತ್ತಿದ್ದವರು. ಆ ಎಪಿಸೋಡ್ ಬರೆದದ್ದು ಮಾತ್ರ ಅವರಲ್ಲ. ಅವರು ಬೆಳೆಸಿದ ಕಿರಿಯರು, ಬಿಲ್ ಪರ್ಸ್ಕಿ ಮತ್ತು ಸ್ಯಾಮ್ ಡೆನಾಫ್. ಅದಕ್ಕೆ ಅಮೆರಿಕದ ಟಿವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿಯೂ ಅವರಿಗೇ ಬಂತು. ತನ್ನ ಪಾತ್ರ ಇನ್ನೊಬ್ಬರಿಗೆ ಕೊಟ್ಟ ಮನುಷ್ಯನಿಗೆ ಇನ್ನೊಬ್ಬರು ಇಂಥ ಪಾತ್ರ ಬರೆದು ಕೊಟ್ಟರು.

ನನ್ನ ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ನಾನೊಂದು ನಾಟಕ ಬರೆದೆ. ನಮ್ಮಪ್ಪ ಪೋಸ್ಟ್‌ಮ್ಯಾನ್, ನಾಟಕದ ನಾಯಕನೂ ಪೋಸ್ಟ್‌ಮ್ಯಾನ್. ನಾನೇ ಮಾಡಬೇಕು ಅಂತ ಬರೆದದ್ದು. ನಿರ್ದೇಶಕರು ಬೇರೆಯವರಿಗೆ ಕೊಟ್ಟರು. ನಾನು ಸಿಟ್ಟಿನಲ್ಲಿ ಕೈಬರಹದ ಪ್ರತಿ ತೆಗೆದುಕೊಂಡು ಬಂದುಬಿಟ್ಟೆ. ಒಂದೂವರೆ ತಿಂಗಳು ತಾಲೀಮು ಮಾಡಿದ್ದ ಹನ್ನೊಂದು ಜನರ ಶ್ರಮ ಹಾಳಾಯಿತು. ನಾಟಕ ಆಗಲೇ ಇಲ್ಲ. ಅಪ್ಪ ಅದನ್ನು ನೋಡದೆ ಹೋದರು. ಆ ಪ್ರತಿ ಈಗಲೂ ಟ್ರಂಕಿನಲ್ಲಿದೆ. ಅದರ ಹಾಳೆ ಮುಟ್ಟಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ನಿನ್ನ ಸ್ಕ್ರಿಪ್ಟಿಗೆ ಬರುತ್ತೇನೆ. ಎರಡನೇ ಎಪಿಸೋಡಿನ ಸೂಜಿಯ ಸೀನ್ ಇದೆಯಲ್ಲ, ಅದು ನಿನ್ನ ನೆಲ. ಫ್ಯಾಕ್ಟರಿಯ ಹೊಲಿಗೆ ಲೈನಿನಲ್ಲಿ ಸೂಜಿ ಮುರಿಯುತ್ತದೆ. ಮುರಿದ ಚೂರೆಲ್ಲ ಹುಡುಕಿ ಒಪ್ಪಿಸಿ, ರಿಜಿಸ್ಟರಿನಲ್ಲಿ ಅಂಟಿಸಿದ ಮೇಲೇ ಹೊಸ ಸೂಜಿ. ಅಮ್ಮ ಮೆಷಿನ್ ಕೆಳಗೆ ಮಂಡಿಯೂರಿ ಹುಡುಕುತ್ತಿದ್ದರೆ ಮೇಲೆ ಪೀಸುಗಳು ರಾಶಿ ಬೀಳುತ್ತಿವೆ. ಸೂಪರ್‌ವೈಸರ್ ಟಾರ್ಗೆಟ್ ಕೂಗುತ್ತಿದ್ದಾನೆ. ಆ ತುಣುಕು ಕೊನೆಗೆ ಅವಳ ಸೆರಗಿನಲ್ಲೇ ಸಿಕ್ಕಿಕೊಂಡಿರುತ್ತದೆ. ಇದನ್ನು ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗಳು ಮಾತ್ರ ಬರೆಯಬಲ್ಲಳು.

ಆದರೆ ಐದನೇ ಎಪಿಸೋಡಿನಲ್ಲಿ ಮಾಲೀಕನ ಬಂಗಲೆ ಬಂದಿದೆ. ದೊಡ್ಡ ಮೆಟ್ಟಿಲು, ಅತ್ತೆ, ಒಡವೆ. ಅಲ್ಲಿ ನಿನಗೆ ಏನೂ ಕಂಡಿಲ್ಲ, ಟಿವಿಯಲ್ಲಿ ನೋಡಿದ್ದನ್ನು ಬರೆದಿದ್ದೀಯ. ತೆಗೆದುಬಿಡು. ಅದರ ಬದಲು ಫ್ಯಾಕ್ಟರಿಯಿಂದ ಮನೆಗೆ ಬರುವ ಬಸ್ಸಿನೊಳಗೇ ಇಡೀ ಎಪಿಸೋಡ್ ಆಗಲಿ. ರೀಲ್ಸ್‌ನಲ್ಲಿ ಈ ತಿಂಗಳು ಓಡುತ್ತಿರುವ ಆ ಎರಡು ಮಾತುಗಳನ್ನೂ ತೆಗಿ. ತಮ್ಮ ಶೋ ಬೇಗ ಹಳೆಯದಾಗಬಾರದು ಅಂತ ರೈನರ್ ಆ ಕಾಲದ ಚಾಲ್ತಿ ಮಾತುಗಳನ್ನು ದೂರ ಇಟ್ಟಿದ್ದರು.

ನಾಯಕಿ ಮಾಡುವ ಹುಡುಗಿ ಯಾರು ಅಂತ ಗೊತ್ತಾದ ತಕ್ಷಣ ಅವಳನ್ನು ಮನೆಗೆ ಕರೆದುಕೊಂಡು ಹೋಗು. ಅಮ್ಮನ ಪಕ್ಕ ಕೂರಿಸು. ದಾರ ಹೇಗೆ ಹಿಡಿಯುತ್ತಾರೆ, ಬೆರಳಿಗೆ ಸೂಜಿ ಚುಚ್ಚಿದಾಗ ಮೊದಲು ಬಟ್ಟೆಯನ್ನು ಯಾಕೆ ಪಕ್ಕಕ್ಕೆ ಎಳೆಯುತ್ತಾರೆ, ಅಮ್ಮನೇ ಹೇಳಲಿ. ಇನ್ನು ರಿಜಿಸ್ಟರ್ ಹಿಡಿದು ಸೂಜಿ ಕೊಡುವ ಆ ಜಗಳಗಂಟಿ ಹೆಂಗಸಿನ ಪಾತ್ರ ಇದೆಯಲ್ಲ, ಅದಕ್ಕೆ ಯಾರನ್ನೂ ಹುಡುಕಬೇಡಿ ಅಂತ ಚಾನೆಲ್‌ನವರಿಗೆ ಹೇಳು. ಅದು ನಿನಗೆ.

ಸೋಮವಾರ ಅವರನ್ನು ನೋಡಲು ಹೋಗುವ ಮುಂಚೆ ಬಸ್ಸಿನ ಎಪಿಸೋಡ್ ನನಗೆ ಕಳಿಸು. ಭಾನುವಾರ ಪೂರ್ತಿ ಮನೆಯಲ್ಲೇ ಇರುತ್ತೇನೆ.

ಇತಿ,
ನಿನ್ನ ಅಣ್ಣ